ಉಪ್ಮಾದ ನಂತರ ಶಿರಾ

ಉಡುಪಿ
೧೨ ಜೂನ್ ೨೦೨೫

ಮಧ್ವಾ,

ಮದುವೆಯ ಮೊದಲ ಕಾಗದ ಸೋದರಮಾವನಿಗೆ ಹೋಗಬೇಕು ಅಂತ ಅಮ್ಮ ಹೇಳುತ್ತಿದ್ದರು. ಲಗ್ನಪತ್ರಿಕೆ ಅಚ್ಚಾಗಲು ಇನ್ನೂ ಸಮಯ ಉಂಟು, ಹಾಗಾಗಿ ಇದನ್ನೇ ಮೊದಲನೆಯದು ಅಂತ ತಿಳಿದುಕೊ. ನಮ್ಮ ಸುಮೇಧಾಳಿಗೆ ಮದುವೆ ನಿಶ್ಚಯವಾಯಿತು. ಹುಡುಗ ಅನೀಶ, ನಿಮ್ಮ ನವಿ ಮುಂಬಯಿಯ ಸೀವುಡ್ಸ್‌ನವನು. ನಮ್ಮ ಕಡೆಯವರೇ, ಅಜ್ಜನ ಕಾಲದಲ್ಲಿ ಅಲ್ಲಿಗೆ ಹೋಗಿ ನೆಲೆಸಿದವರು. ಹುಡುಗನ ಅಜ್ಜಿಗೆ ಪ್ರಯಾಣ ಆಗುವುದಿಲ್ಲ, ಅದಕ್ಕೆ ಫೆಬ್ರವರಿಯಲ್ಲಿ ಅಲ್ಲೇ ಮದುವೆ ಮಾಡಿಕೊಡುವುದು ಅಂತ ನಿನ್ನ ಭಾವ ಒಪ್ಪಿ ಬಂದಿದ್ದಾರೆ. ಹಾಲ್ ನೋಡುವುದು, ಅಡುಗೆಯವರನ್ನು ಗೊತ್ತುಮಾಡುವುದು ಎಲ್ಲ ನಿನ್ನ ತಲೆಯ ಮೇಲೆ. ಮೂವತ್ತು ವರ್ಷದಿಂದ ಕಲ್ಯಾಣದ ಹೋಟೆಲಿನಲ್ಲೇ ಇರುವವನಿಗೆ ಇದು ಯಾವ ಮಹಾ ಕೆಲಸ?

ಇಷ್ಟಕ್ಕೆ ಕಾಗದ ಯಾಕೆ, ಫೋನ್ ಮಾಡಬಾರದಿತ್ತಾ ಅಂತ ನೀನು ಕೇಳಬಹುದು. ನನ್ನ ಕಿವಿಯ ಕಥೆ ನಿನಗೆ ಗೊತ್ತು. ಎದುರು ಕೂತವರ ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತೇನೆ, ಫೋನಿಗೆ ತುಟಿ ಇಲ್ಲ. ವಿಡಿಯೋ ಕಾಲ್ ಮಾಡಿದರೆ ನೀನು ಫೋನನ್ನು ಫ್ಯಾನಿನ ಕಡೆ ತಿರುಗಿಸಿ ಇಡುತ್ತೀ. ವಾಟ್ಸಾಪ್‌ನಲ್ಲಿ ಕೇಳಿದರೆ ಒಂದು ಹೆಬ್ಬೆರಳು ಕಳಿಸುತ್ತೀ. ಮೂರು ವರ್ಷದಿಂದ ನಿನ್ನ ಮುಖ ಸರಿಯಾಗಿ ನೋಡಿಲ್ಲ ಮಾರಾಯ.

ಮುಖ್ಯ ವಿಷಯ ಈಗ ಹೇಳುತ್ತೇನೆ. ಸುಮೇಧಾಳನ್ನು ಮಂಟಪಕ್ಕೆ ಎತ್ತಿಕೊಂಡು ಬರಬೇಕಾದವನು ನೀನು. ನನ್ನ ಮದುವೆಯಲ್ಲಿ ದೊಡ್ಡ ಮಾವ ನನ್ನನ್ನು ಎತ್ತಿಕೊಂಡು ಬಂದಾಗ ನೀನು ಹಿಂದಿನಿಂದ ನನ್ನ ಸೀರೆಯ ಸೆರಗು ಹಿಡಿದುಕೊಂಡು ಓಡಿ ಬರುತ್ತಿದ್ದೆ, ನೆನಪುಂಟಾ? ಆಗಲೇ "ಅಕ್ಕನ ಮಗಳನ್ನು ನಾನು ಎತ್ತುವುದು" ಅಂತ ಎಲ್ಲರ ಎದುರು ಹೇಳಿ ನನ್ನ ಮಾನ ತೆಗೆದಿದ್ದೆ. ಈಗ ಆ ದಿನ ಬಂತು. ಅವಳು ಕಡ್ಡಿಯ ಹಾಗೆ ಇದ್ದಾಳೆ, ಹೆದರಬೇಡ. ಎತ್ತುತ್ತೇನೆ ಅಂತ ಒಂದು ಸಾಲು ಬರೆ. ಹೆಬ್ಬೆರಳು ಬೇಡ.

ನಿನ್ನ ಅಕ್ಕ,
ಊರ್ಮಿಳಾ


ಕಲ್ಯಾಣ
೨೮ ಜೂನ್ ೨೦೨೫

ಪ್ರೀತಿಯ ಅಕ್ಕ,

ಕಾಗದ ಓದಿ ಗಲ್ಲಾದಲ್ಲಿ ಕೂತಲ್ಲೇ ಕಣ್ಣು ತುಂಬಿತು. ಗಿರಾಕಿಯೊಬ್ಬರು ಈರುಳ್ಳಿ ಹೆಚ್ಚಿದಿರಾ ಸೇಠ್ ಅಂತ ಕೇಳಿದರು. ಸುಮೇಧಾ ಮದುವೆ! ಮೊನ್ನೆ ಮೊನ್ನೆ ನನ್ನ ಹೋಟೆಲಿನ ಟೇಬಲ್ ಮೇಲೆ ಕೂತು ಜಾಮೂನಿನ ಪಾಕವನ್ನೆಲ್ಲ ಫ್ರಾಕಿಗೆ ಬಳಿದುಕೊಂಡಿದ್ದಳು.

ನಿನ್ನ ಕಾಗದ ಬಂದ ವಾರವೇ ನೆರೂಲ್‌ನಲ್ಲಿ ಒಂದು ಹಾಲ್ ನೋಡಿಬಂದೆ. ಎಸಿ ಇದೆ, ಪಾರ್ಕಿಂಗ್ ಇದೆ, ಸ್ಟೇಶನ್ ಹತ್ತಿರ. ಆದರೆ ಹಾಲ್ ಸ್ವಲ್ಪ ಉದ್ದ ಜಾಸ್ತಿ ಅನ್ನಿಸಿತು. ಮದುಮಗಳ ಕೋಣೆ ಒಂದು ತುದಿಗೆ, ಮಂಟಪ ಇನ್ನೊಂದು ತುದಿಗೆ. ಡೊಂಬಿವಲಿಯಲ್ಲಿ ಇನ್ನೊಂದು ಚಿಕ್ಕದಿದೆ, ಕೋಣೆಯ ಬಾಗಿಲು ತೆರೆದರೆ ಎದುರಿಗೇ ಮಂಟಪ. ಅದೇ ಒಳ್ಳೆಯದೇನೋ, ಯೋಚಿಸಿ ಹೇಳು.

ಅಡುಗೆಗೆ ಠಾಣೆಯ ನಮ್ಮ ಭಟ್ಟರ ತಂಡವನ್ನೇ ಹೇಳೋಣ. ಕೊದ್ದೆಲ್, ಮೆಣಸ್ಕಾಯಿ, ಎರಡು ಥರದ ಕೋಸಂಬರಿ, ಹಾಲುಪಾಯಸ ಇರಲಿ. ಪಲ್ಯಕ್ಕೆ ಎಳೆ ಹಲಸಿನ ಗುಜ್ಜೆ ಆ ಹೊತ್ತಿಗೆ ಸಿಗುತ್ತದೋ ಇಲ್ಲವೋ ನೋಡಬೇಕು. ಹೋಳಿಗೆಯನ್ನು ಬಿಸಿಯಾಗಿಯೇ ಬಡಿಸಬೇಕು, ಅದಕ್ಕೆ ಬೇರೆ ಕಾವಲಿ ಹಾಕಿಸುತ್ತೇನೆ. ಸೀವುಡ್ಸ್‌ನವರು ವಡಾಪಾವ್ ಕೌಂಟರ್ ಕೇಳಿದರೆ ನಾನು ಮದುವೆಗೇ ಬರುವುದಿಲ್ಲ ಅಂತ ಭಾವನಿಗೆ ಹೇಳು.

ನನ್ನವಳು ನಿಶಾ ಎಲ್ಲರನ್ನೂ ಕೇಳಿದ್ದಾಳೆ. ಗಿರಾಕಿ ಬಂದರು, ನಿಲ್ಲಿಸುತ್ತೇನೆ.

ಮಧ್ವ


ಉಡುಪಿ
೧೫ ಜುಲೈ ೨೦೨೫

ಮಧ್ವಾ,

ಗುಜ್ಜೆಯ ಬಗ್ಗೆ ಅಷ್ಟು ಬರೆದವನಿಗೆ ನಾನು ಕೇಳಿದ ಒಂದು ಸಾಲು ಬರೆಯಲು ಇಂಕು ಮುಗಿಯಿತಾ? ನಾಲ್ಕು ಸಲ ತಿರುಗಿಸಿ ನೋಡಿದೆ. ನಿನ್ನ ಭಾವ ಭೂತಗನ್ನಡಿ ತಂದುಕೊಟ್ಟರು.

ಮತ್ತೆ ಆ ಚಿಕ್ಕ ಹಾಲ್ ವಿಷಯ. ನಮಗೆ ಅಷ್ಟೇ ಜನ ಅಂತ ನೀನೂ ತೀರ್ಮಾನ ಮಾಡಿದೆಯಾ? ನಮ್ಮ ಕಡೆಯಿಂದಲೇ ಒಂದು ಬಸ್ಸು ಬರುತ್ತದೆ. ನೆರೂಲ್‌ನ ಉದ್ದ ಹಾಲೇ ಇರಲಿ, ನಮ್ಮ ಹುಡುಗಿ ಎಲ್ಲರ ನಡುವಿನಿಂದ ಬರಬೇಕು.

ನಿನಗೆ ಒಳಗೊಳಗೇ ಬೇಸರ ಉಂಟು ಅಂತ ನನಗೆ ಅನ್ನಿಸುತ್ತಾ ಉಂಟು. ಸಂಬಂಧ ನೋಡುವಾಗ ನಿನ್ನನ್ನು ಕೇಳಲಿಲ್ಲ ಅಂತವಾ? ನೀನು ಅಲ್ಲೇ ಇದ್ದೀ, ಹುಡುಗನ ಬಗ್ಗೆ ನಾಲ್ಕು ಕಡೆ ವಿಚಾರಿಸಬಹುದಿತ್ತು, ನಿಜ. ಎಲ್ಲ ಒಂದೇ ವಾರದಲ್ಲಿ ಆಗಿಹೋಯಿತು. ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೊ. ಆದರೆ ಅದಕ್ಕೆ ಸುಮೇಧಾಳ ಮೇಲೆ ಮುನಿಸು ತೋರಿಸಬೇಡ. "ಮಾವ ಏನು ಬರೆದ್ರು?" ಅಂತ ಅವಳು ಬ್ಯಾಂಕಿನಿಂದ ಬಂದವಳು ಚಪ್ಪಲಿ ಕಳಚುವ ಮೊದಲೇ ಕೇಳುತ್ತಾಳೆ.

ಅಕ್ಕ


ಕಲ್ಯಾಣ
೩ ಆಗಸ್ಟ್ ೨೦೨೫

ಪ್ರೀತಿಯ ಅಕ್ಕ,

ಎತ್ತುತ್ತೇನೆ, ಎತ್ತುತ್ತೇನೆ, ಎತ್ತುತ್ತೇನೆ. ಮೂರು ಸಲ ಬರೆದಿದ್ದೇನೆ, ಭಾವನ ಭೂತಗನ್ನಡಿ ಒಳಗಿಡಿಸು. ಮುನಿಸು ಗಿನಿಸು ಏನೂ ಇಲ್ಲ. ನೆರೂಲ್‌ನ ಹಾಲನ್ನೇ ಬುಕ್ ಮಾಡಿದೆ.

ತಯಾರಿಯೂ ಶುರುವಾಗಿದೆ. ನಾನು ಇಷ್ಟು ವರ್ಷ ಗಲ್ಲಾದ ಕುರ್ಚಿಯಲ್ಲಿ ಕೂತವನು, ಮೈ ಸ್ವಲ್ಪ ಜಡವಾಗಿದೆ. ಠಾಣೆಯ ಒಂದು ಜಿಮ್‌ಗೆ ಹೋಗಿ ನೋಡಿದೆ, ಅಲ್ಲಿಯ ಹುಡುಗರು ನನ್ನನ್ನು ನೋಡಿದ ರೀತಿ ಸರಿಬರಲಿಲ್ಲ. ನಮ್ಮ ಹೋಟೆಲೇ ಜಿಮ್ ಅಂತ ನಿರ್ಧಾರ ಮಾಡಿದೆ. ಗೋಡೌನಿನಲ್ಲಿ ಇಡ್ಲಿ ಅಕ್ಕಿಯ ಮೂಟೆ ಇರುತ್ತವಲ್ಲ, ದಿನಾ ಬೆಳಿಗ್ಗೆ ಒಂದನ್ನು ಎರಡೂ ಕೈಯಲ್ಲಿ, ಮದುಮಗಳನ್ನು ಎತ್ತುವ ಹಾಗೆಯೇ ಎತ್ತಿಕೊಂಡು ಗ್ರೈಂಡರ್ ತನಕ ಹೋಗುವುದು. ಈಗ ಚಿಕ್ಕ ಮೂಟೆ. ಚೌತಿ ಹೊತ್ತಿಗೆ ದೊಡ್ಡದಕ್ಕೆ ಬರುತ್ತೇನೆ. ಸುಮೇಧಾಳ ತೂಕಕ್ಕೆ ಅದು ಸರಿಹೋಗುತ್ತದೆ.

ನಮ್ಮ ಮ್ಯಾನೇಜರ್ ಪೂವಪ್ಪ ನೋಡಿ, "ಧಣಿ, ಮೂಟೆಗೆ ಒಂದು ಸೀರೆ ಉಡಿಸಿದರೆ ಇನ್ನೂ ಪ್ರಾಕ್ಟೀಸ್ ಆಗ್ತದೆ" ಅಂದ. ಅವನ ಮಗಳು ಶ್ರದ್ಧಾ ಡೊಂಬಿವಲಿಯಲ್ಲಿ ಫಿಸಿಯೋಥೆರಪಿಸ್ಟ್, ಅವಳನ್ನು ಒಮ್ಮೆ ಕೇಳಿ ಅಂತ ಹಿಂದೆ ಬಿದ್ದಿದ್ದಾನೆ. ಅಕ್ಕಿ ಎತ್ತಲು ಡಾಕ್ಟರ ಚೀಟಿ ಬೇಕಾ? ನಾನು ನಕ್ಕುಬಿಟ್ಟೆ.

ಮಧ್ವ


ಉಡುಪಿ
೧೮ ಆಗಸ್ಟ್ ೨೦೨೫

ಮಧ್ವಾ,

ನಿನ್ನ ಕಾಗದವನ್ನು ಸುಮೇಧಾ ಗಟ್ಟಿಯಾಗಿ ಓದಿ, ನಾವೆಲ್ಲ ನಕ್ಕು ನಕ್ಕು ಸುಸ್ತು. ಭಲೇ! ಮೂಟೆ ಬಿಡಬೇಡ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಾಡಿದರೆ ಕೊಬ್ಬು ಬೇಗ ಕರಗುತ್ತದಂತೆ. ಏಕಾದಶಿಯ ದಿನವೂ ತಪ್ಪಿಸಬೇಡ, ಉಪವಾಸವೂ ಆಯಿತು ವ್ಯಾಯಾಮವೂ ಆಯಿತು. ನೋವು ಬಂದರೆ ಮೈ ಬಗ್ಗುತ್ತಿದೆ ಅಂತ ಅರ್ಥ, ಅದಕ್ಕೆಲ್ಲ ನಿಲ್ಲಿಸಬಾರದು ಅಂತ ಪಕ್ಕದ ಮನೆಯವರು ಹೇಳಿದರು. ಹುರುಳಿ ಕಳಿಸುತ್ತಿದ್ದೇನೆ, ಸಾರು ಮಾಡಿಸಿಕೊ.

ಒಂದು ವಿಡಿಯೋ ಕಳಿಸು, ಮೂಟೆ ಎತ್ತುವುದು. ನಿನ್ನನ್ನು ನೋಡಿದ ಹಾಗೂ ಆಗುತ್ತದೆ.

ಅಕ್ಕ


ಉಡುಪಿ
೨೨ ಸೆಪ್ಟೆಂಬರ್ ೨೦೨೫

ಮಧ್ವಾ,

ಚೌತಿ ಹೋಯಿತು, ಪಿತೃಪಕ್ಷವೂ ಮುಗಿಯಿತು, ನಿನ್ನಿಂದ ಕಾಗದವೂ ಇಲ್ಲ, ಹೆಬ್ಬೆರಳೂ ಇಲ್ಲ. ನಿಶಾಳಿಗೆ ಸುಮೇಧಾಳ ಹತ್ತಿರ ಫೋನ್ ಮಾಡಿಸಿದರೆ "ಅವರು ಹೋಟೆಲಲ್ಲಿ ಬಿಝಿ" ಅಂತಾಳೆ. ಅನೀಶನ ಅಮ್ಮ ಕಲ್ಯಾಣಕ್ಕೆ ಯಾವುದೋ ಕೆಲಸಕ್ಕೆ ಬಂದವರು ನಿನ್ನ ಹೋಟೆಲಿಗೆ ಹೋಗಿದ್ದರಂತೆ. ಗಲ್ಲಾದಲ್ಲಿ ಪೂವಪ್ಪ ಕೂತಿದ್ದನಂತೆ. ಬೀಗಿತ್ತಿ ಬಂದರೂ ನೀನು ಕಾಣಿಸಿಕೊಳ್ಳಲಿಲ್ಲ. ನನಗೆ ಎಷ್ಟು ನಾಚಿಕೆಯಾಯಿತು ಗೊತ್ತುಂಟಾ?

ಮನಸ್ಸಿಲ್ಲದಿದ್ದರೆ ನೇರವಾಗಿ ಹೇಳಿಬಿಡು. ಚಿಕ್ಕಪ್ಪನ ಮಗ ಸಮಿತ್ ಇದ್ದಾನೆ, ದಿನಾ ಜಿಮ್‌ಗೆ ಹೋಗಿ ತೋಳು ಬೆಳೆಸಿಕೊಂಡಿದ್ದಾನೆ, ಅವನೂ ಸೋದರಮಾವನೇ ತಾನೇ. ಅವನಿಗೆ ಹೇಳುತ್ತೇನೆ. ಇದನ್ನು ಬರೆಯುವಾಗ ನನಗೆ ಅಳು ಬರುತ್ತಿದೆ, ಅಷ್ಟು ತಿಳಿದುಕೊ.

ಊರ್ಮಿಳಾ


ಕಲ್ಯಾಣ
೫ ಅಕ್ಟೋಬರ್ ೨೦೨೫

ಅಕ್ಕ,

ಮಲಗಿಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ಚೌತಿಯ ಹಿಂದಿನ ದಿನ ದೊಡ್ಡ ಮೂಟೆ ಎತ್ತಿದೆ. ಖಾಲಿ ಹೊಟ್ಟೆ ಬೇರೆ. ತಿರುಗುವಾಗ ಬಲ ಮೊಣಕಾಲು ಒಂದು ಕಡೆ, ಸೊಂಟ ಇನ್ನೊಂದು ಕಡೆ ಹೋಯಿತು. ಚಟ್ ಅಂತ ಒಂದು ಶಬ್ದ. ಅಕ್ಕಿ ಮೇಲೆ ನಾನು, ನನ್ನ ಮೇಲೆ ಅಕ್ಕಿ. ನನ್ನನ್ನು ಅಲ್ಲಿಂದ ಎಬ್ಬಿಸಲು ನಾಲ್ಕು ಜನ ಮತ್ತು ಒಂದು ಬೆಂಚು ಬೇಕಾಯಿತು. ಹಬ್ಬದ ಗಿರಾಕಿಗಳೆಲ್ಲ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದರು.

ನಿನಗೆ ಹೇಳದೆ ಇದ್ದದ್ದು ಇನ್ನೂ ಇದೆ. ಮೈ ಸ್ವಲ್ಪ ಜಡವಾಗಿದೆ ಅಂತ ಬರೆದಿದ್ದೆನಲ್ಲ, ಆಸ್ಪತ್ರೆಯ ಸಣ್ಣ ಮಶೀನು ನನ್ನ ತೂಕ ತೋರಿಸಲಿಲ್ಲ. ಬರೀ ಎರರ್ ಅಂತ ಬಂತು. ಕೊನೆಗೆ ಮಾರ್ಕೆಟಿನ ಕಿರಾಣಿಯವನ ತೂಕದ ಕಾಟಾದ ಮೇಲೆ, ಈರುಳ್ಳಿ ಚೀಲಗಳನ್ನು ಇಳಿಸಿ, ನನ್ನನ್ನು ನಿಲ್ಲಿಸಿದರು. ನೂರ ನಲವತ್ತೆರಡು ಕಿಲೋ. ಅಕ್ಕ, ಅದಕ್ಕೇ ಫೋನನ್ನು ಫ್ಯಾನಿನ ಕಡೆ ತಿರುಗಿಸುತ್ತಿದ್ದೆ. ಅದಕ್ಕೇ ಚಿಕ್ಕ ಹಾಲ್ ಕೇಳಿದೆ. ಮದುಮಗಳನ್ನು ಬಿಡು, ನನ್ನನ್ನೇ ಆ ತುದಿಯಿಂದ ಈ ತುದಿಗೆ ಒಯ್ಯಲು ನನಗೆ ಆಗುತ್ತಿರಲಿಲ್ಲ. ಅನೀಶನ ಅಮ್ಮ ಬಂದ ದಿನ ನಾನು ಇದೇ ಮಂಚದ ಮೇಲಿದ್ದೆ. ಹೇಳಬಾರದು ಅಂತ ನಿಶಾಳ ಬಾಯಿ ಕಟ್ಟಿದವನು ನಾನೇ.

ಪೂವಪ್ಪ ಕೊನೆಗೂ ಮಗಳನ್ನು ಕರೆದುಕೊಂಡೇ ಬಂದ. ಇಲ್ಲೇ ಹುಟ್ಟಿದ ಹುಡುಗಿ, ಕನ್ನಡ ಅರ್ಥವಾಗುತ್ತದೆ, ಬೈಯುವುದು ಮಾತ್ರ ಹಿಂದಿಯಲ್ಲಿ. "ಅಂಕಲ್, ಪೆಹಲೇ ಡಾಕ್ಟರ್, ಫಿರ್ ಕಸರತ್" ಅಂದಳು. ಹೃದಯ, ಬಿಪಿ, ಸಕ್ಕರೆ ಎಲ್ಲ ನೋಡಿಸಿದ ಮೇಲೆಯೇ ನನ್ನ ಕಾಲು ಮುಟ್ಟಿದ್ದು. ಬಿಪಿ ಮಾತ್ರೆ ಶುರುವಾಗಿದೆ. ಮೊದಲ ದಿನದ ಕಸರತ್ತು ಏನು ಗೊತ್ತಾ? ಮಲಗಿದಲ್ಲಿಂದ ಪಾದ ಹಿಂದೆ ಮುಂದೆ ಆಡಿಸುವುದು. ನನಗೆ ಅವಮಾನವಾಯಿತು. ಆದರೆ ಮಾಡಿದ ಮೇಲೆ ಬೆವರು ಬಂತು.

ಮದುಮಗಳನ್ನು ಎತ್ತಬಹುದಾ ಅಂತ ಕೇಳಿದೆ. ಬಿಲ್ಕುಲ್ ನಹೀಂ ಅಂದಳು. ಸಮಿತ್‌ಗೆ ಹೇಳು ಅಕ್ಕ. ನನಗೆ ಮನಸ್ಸಿಲ್ಲ ಅಂತ ಮಾತ್ರ ಅಂದುಕೊಳ್ಳಬೇಡ. ಮನಸ್ಸಿದ್ದುದರಿಂದಲೇ ಹೀಗೆ ಬಿದ್ದಿದ್ದೇನೆ.

ಮಧ್ವ


ಉಡುಪಿ
೧೩ ಅಕ್ಟೋಬರ್ ೨೦೨೫

ನನ್ನ ಮಧ್ವಾ,

ಖಾಲಿ ಹೊಟ್ಟೆ, ಏಕಾದಶಿ, ನೋವು ಬಂದರೂ ನಿಲ್ಲಿಸಬೇಡ ಅಂತ ಬರೆದ ಈ ಕೈಯನ್ನು ಏನು ಮಾಡಲಿ? ನೀನು ಅಷ್ಟು ಒದ್ದಾಡುವಾಗ ನಾನು ಸಮಿತ್‌ನ ತೋಳಿನ ಬಗ್ಗೆ ಬರೆದೆ. ರಾತ್ರಿ ಊಟ ಸೇರಲಿಲ್ಲ.

ಎತ್ತುವುದು ಬೇಡವೇ ಬೇಡ. ಕಸರತ್ತೂ ಬೇಡ. ಫೆಬ್ರವರಿ ತನಕ ಮಂಚದಿಂದ ಇಳಿಯಬೇಡ, ಪೂರ್ತಿ ವಿಶ್ರಾಂತಿ ತೆಗೆದುಕೊ. ಮದುವೆಗೆ ಬಂದು ಎದುರಿನ ಸೋಫಾದಲ್ಲಿ ಕೂತು ಅಕ್ಷತೆ ಹಾಕು, ನನಗೆ ಅಷ್ಟೇ ಸಾಕು. ಸಮಿತ್‌ಗೆ ನಾನು ಹೇಳುತ್ತೇನೆ.

ಸುಮೇಧಾಳಿಗೆ ಇನ್ನೂ ಹೇಳಿಲ್ಲ. ಹೇಗೆ ಹೇಳುವುದು ಅಂತ ಗೊತ್ತಾಗುತ್ತಿಲ್ಲ.

ಅಕ್ಕ


ಕಲ್ಯಾಣ
೨ ನವೆಂಬರ್ ೨೦೨೫

ಪ್ರೀತಿಯ ಅಕ್ಕ,

ನಿನ್ನ ಕಾಗದವನ್ನು ಶ್ರದ್ಧಾಳಿಗೆ ಓದಿ ಹೇಳಿದೆ. ವಿಶ್ರಾಂತಿ ಅಂದ ಕೂಡಲೇ ಅವಳು ಹಣೆ ಚಚ್ಚಿಕೊಂಡಳು. ಮೂಟೆ ಎತ್ತುವುದು ಎಷ್ಟು ತಪ್ಪೋ ಮಂಚ ಬಿಟ್ಟು ಏಳದಿರುವುದೂ ಅಷ್ಟೇ ತಪ್ಪಂತೆ. ಸುಮ್ಮನೆ ಮಲಗಿದರೆ ಇರುವ ಬಲವೂ ಹೋಗುತ್ತದಂತೆ. ಸ್ವಲ್ಪ ಸ್ವಲ್ಪವೇ ಮಾಡಬೇಕು, ನಡುವೆ ಬಿಡುವು ಕೊಡಬೇಕು. ಸ್ನಾಯು ಸುಸ್ತಾಗಿ ನೋಯುವುದು ಬೇರೆ, ಕೀಲಿನಲ್ಲಿ ಚುಚ್ಚಿದ ಹಾಗೆ ನೋಯುವುದು ಬೇರೆ. ಎರಡನೆಯದು ಬಂದರೆ ಅಲ್ಲೇ ನಿಲ್ಲಿಸಬೇಕು. ಎದೆ ಬಿಗಿದರೆ, ತಲೆ ತಿರುಗಿದರೆ ಕೂತುಕೊಂಡು ಯಾರನ್ನಾದರೂ ಕರೆಯಬೇಕು, ಹೀರೋ ಆಗಬಾರದು ಅಂದಳು. ಏಕಾದಶಿಗೆ ಕಸರತ್ತು ರಜೆ. ಇದು ನಿನಗೆ ಅಂತಲೇ ಹೇಳಿ ಕಳಿಸಿದ್ದು.

ಈಗ ಒಂದು ದೊಡ್ಡ ಸುದ್ದಿ. ನಾನು ಈಜುಕೊಳಕ್ಕೆ ಇಳಿದೆ!

ಡೊಂಬಿವಲಿಯಲ್ಲಿ ಒಂದು ಕೊಳ ಇದೆ. ಮಧ್ಯಾಹ್ನದ ಊಟದ ಗಲಾಟೆ ಮುಗಿದು ಸಂಜೆಯ ತಿಂಡಿ ಶುರುವಾಗುವ ತನಕ ಹೋಟೆಲ್ ಖಾಲಿ, ಆಗ ಪೂವಪ್ಪನಿಗೆ ಗಲ್ಲಾ ಕೊಟ್ಟು ರಿಕ್ಷಾದಲ್ಲಿ ಹೋಗುತ್ತೇನೆ. ಮೊದಲ ದಿನ ಟವೆಲ್ ಸುತ್ತಿಕೊಂಡು ಬಟ್ಟೆ ಬದಲಾಯಿಸುವ ಕೋಣೆಯಲ್ಲೇ ಕೂತುಬಿಟ್ಟೆ. ಇಷ್ಟು ದೊಡ್ಡ ಹೊಟ್ಟೆ ಹೊತ್ತು ಜನರ ಎದುರು ಹೇಗೆ ಹೋಗುವುದು? ಹೊರಗಿನಿಂದ ಶ್ರದ್ಧಾ, "ಅಂಕಲ್, ಪಾನೀ ಕೋ ಕುಛ್ ಫರಕ್ ನಹೀಂ ಪಡತಾ" ಅಂತ ಕೂಗಿದಳು, ನೀರಿಗೆ ಏನೂ ವ್ಯತ್ಯಾಸ ಆಗುವುದಿಲ್ಲವಂತೆ. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದೆ. ನೀರು ಎದೆಗೆ ಬಂತು. ಅಕ್ಕ, ಮೊಣಕಾಲಿನ ಮೇಲಿದ್ದ ಭಾರವೆಲ್ಲ ಯಾರೋ ಇಳಿಸಿಕೊಂಡ ಹಾಗೆ ಆಯಿತು. ಎಷ್ಟು ವರ್ಷಗಳ ಮೇಲೆ ಹಗುರಾಗಿದ್ದೆ! ನೀನು ನನ್ನ ಸೊಂಟಕ್ಕೆ ಎರಡು ಒಣ ತೆಂಗಿನಕಾಯಿ ಕಟ್ಟಿ ಹೊಳೆಗೆ ಬಿಟ್ಟಿದ್ದೆಯಲ್ಲ, ಆ ದಿನದ ಖುಷಿಯೇ ಬಂತು. ಈಜುವುದಲ್ಲ, ನೀರಿನಲ್ಲಿ ನಡೆಯುವುದು ಅಷ್ಟೇ.

ನೆಲದ ಮೇಲೂ ಸ್ವಲ್ಪ ನಡೆಯುತ್ತೇನೆ. ಒಳ್ಳೆಯ ಬೂಟು ತೆಗೆದುಕೊಂಡೆ. ತೊಡೆ ಉಜ್ಜಿ ಹುಣ್ಣಾಗದ ಹಾಗೆ ಉದ್ದ ಚಡ್ಡಿ. ಬಿಸಿಲು ಏರುವ ಮೊದಲು, ಸಪಾಟು ರಸ್ತೆಯಲ್ಲಿ. ಎಷ್ಟು ಜೋರಾಗಿ ನಡೆಯಬೇಕು ಅಂತ ಕೇಳಿದ್ದಕ್ಕೆ ಶ್ರದ್ಧಾ, "ನಡೆಯುತ್ತಾ ಮಾತಾಡಲು ಆಗಬೇಕು, ಮಾತು ತುಂಡಾದರೆ ನಿಧಾನ ಮಾಡಿ" ಅಂದಳು. ಒಬ್ಬನೇ ನಡೆಯುವವನು ಏನು ಮಾತಾಡಲಿ? ನನಗೆ ಬಾಯಿಪಾಠ ಇರುವುದು ಒಂದೇ. ವೇಟರ್ ಆಗಿದ್ದಾಗ ಒಂದೇ ಉಸಿರಿಗೆ ಹೇಳುತ್ತಿದ್ದೆನಲ್ಲ, ಅದು: ಇಡ್ಲಿ, ಮೆದುವಡಾ, ಸಾದಾ ದೋಸಾ, ಮಸಾಲಾ ದೋಸಾ, ಮೈಸೂರು ಮಸಾಲಾ, ರವಾ ದೋಸಾ, ಉತ್ತಪ್ಪಾ, ಉಪ್ಮಾ, ಶಿರಾ. ಈಗ ನಡೆಯುತ್ತಾ ಒಂದೊಂದೇ ಹೇಳಿದರೂ ದಿನವೂ ಉಪ್ಮಾದಲ್ಲಿ ಉಸಿರು ಕಟ್ಟುತ್ತದೆ. ಅಲ್ಲಿ ನಿಂತು, ಸುಧಾರಿಸಿಕೊಂಡು, ಮತ್ತೆ ನಡೆಯುತ್ತೇನೆ. ಮೊನ್ನೆ ಬೆಂಚಿನ ಮೇಲೆ ಕೂತಿದ್ದ ಅಜ್ಜ ಒಬ್ಬರು "ಏಕ್ ಮಸಾಲಾ ದೋಸಾ" ಅಂದರು.

ಎತ್ತಲು ಆಗುವುದಿಲ್ಲ. ಆದರೆ ಮದುಮಗಳ ಕೈ ಹಿಡಿದು ಆ ಉದ್ದ ಹಾಲನ್ನು ನಾನು ನಡೆಯಬಹುದಾ? ಕೋಲು ಇಲ್ಲದೆ, ನನ್ನ ಕಾಲ ಮೇಲೆ. ಮೂರು ತಿಂಗಳಿದೆ. ಶ್ರದ್ಧಾ "ದೇಖತೇ ಹೈಂ", ನೋಡೋಣ, ಅಂದಿದ್ದಾಳೆ. ಊರಿನ ಪುರೋಹಿತ ಭಟ್ಟರನ್ನು ಕೇಳಿ ನೋಡು. ಅವರು ಒಪ್ಪದಿದ್ದರೆ ಸಮಿತ್ ಇದ್ದಾನೆ, ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಸುಳ್ಳು, ಮಾಡಿಕೊಳ್ಳುತ್ತೇನೆ.

ಮಧ್ವ


ಉಡುಪಿ
೨೦ ನವೆಂಬರ್ ೨೦೨೫

ಮಧ್ವಾ,

ಭಟ್ಟರ ಹತ್ತಿರ ಹೋಗಿದ್ದೆ. ಎತ್ತಿಕೊಂಡು ಬರುವುದು ಚಿಕ್ಕ ಹುಡುಗಿಯರಿಗೆ ಮದುವೆ ಮಾಡುತ್ತಿದ್ದ ಕಾಲದ್ದು, ಈಗ ಕೈ ಹಿಡಿದು ಕರೆತಂದರೆ ಯಾವ ಲೋಪವೂ ಇಲ್ಲ ಅಂದರು. ಹುಡುಗಿಯ ಪಾದ ನೆಲಕ್ಕೆ ತಾಗಬಾರದು ಅಂತ ನಿಮಗೆ ಮನಸ್ಸಿದ್ದರೆ ದಾರಿಯುದ್ದಕ್ಕೂ ನಡೆಮಡಿ ಬಟ್ಟೆ ಹಾಸಿ ಅಂದರು. ಬಿಳಿ ಪಂಚೆ ಬಟ್ಟೆಯ ಒಂದು ಥಾನು ತಂದಿಟ್ಟಿದ್ದೇನೆ. ಆ ಉದ್ದ ಹಾಲ್‌ಗೆ ಅದು ಸಾಕಾಗುತ್ತದೋ ಇಲ್ಲವೋ.

ಸುಮೇಧಾಳಿಗೆ ಎಲ್ಲ ಹೇಳಿದೆ. ಅವಳು ನಿನ್ನ ಎರಡೂ ಕಾಗದ ಓದಿ, ಮಡಚಿ ನನ್ನ ಕೈಗೆ ಕೊಟ್ಟಳು. ಆಮೇಲೆ, "ಎತ್ತಲಿಕ್ಕೆ ನಾನು ಎಂತ ಅಕ್ಕಿಯಾ ಅಮ್ಮ? ನಾನು ನಡೀತೇನೆ. ಆದ್ರೆ ಮಾವನೇ ಬೇಕು" ಅಂದಳು. ಸಮಿತ್‌ಗೆ ವಡಾಪಾವ್ ಕೌಂಟರ್ ನೋಡಿಕೊಳ್ಳಲು ಹೇಳಿದ್ದೇವೆ. ಹೌದು, ಬೀಗರು ಕೇಳಿಯೇಬಿಟ್ಟರು.

ಇನ್ನೊಂದು ಹೇಳಬೇಕು. ದೊಡ್ಡ ಅತ್ತೆಯನ್ನು ನೋಡಲು ಹೋಗಿದ್ದಾಗ ನಿನ್ನ ವಿಷಯ ಬಂತು. ನನ್ನನ್ನು ಎತ್ತಿಕೊಂಡು ಬಂದ ಮೇಲೆ ದೊಡ್ಡ ಮಾವ ಒಂದು ತಿಂಗಳು ಸೊಂಟಕ್ಕೆ ಎಣ್ಣೆ ಹಾಕಿಸಿಕೊಂಡು ಮಲಗಿದ್ದರಂತೆ. ಊರ್ಮಿಳಾಳಿಗೆ ಗೊತ್ತಾಗಬಾರದು ಅಂತ ಎಲ್ಲರ ಬಾಯಿ ಮುಚ್ಚಿಸಿದ್ದರಂತೆ. ನಿಮ್ಮ ಗಂಡಸರ ಬುದ್ಧಿಗೆ ಏನು ಹೇಳಲಿ? ಇಷ್ಟು ವರ್ಷ ನಾನು ಆ ಫೋಟೋ ತೋರಿಸಿ ಹೆಮ್ಮೆಪಟ್ಟೆ.

ಬೂಟಿನ ಲೇಸು ಬಿಗಿಯಾಗಿ ಕಟ್ಟಿಕೊ. ಏಕಾದಶಿಯ ವಿಷಯ ಒಪ್ಪಿದ್ದೇನೆ ಅಂತ ಶ್ರದ್ಧಾಳಿಗೆ ಹೇಳು. ನಡೆಯುವಾಗ ಇಡ್ಲಿಯಿಂದಲೇ ಶುರುಮಾಡಬೇಕಾ ಅಥವಾ ಎಲ್ಲಿಂದ ಬೇಕಾದರೂ ಆಗುತ್ತದಾ, ಸುಮ್ಮನೆ ಕೇಳಿದೆ.

ಅಕ್ಕ


ಕಲ್ಯಾಣ
೫ ಜನವರಿ ೨೦೨೬

ಪ್ರೀತಿಯ ಅಕ್ಕ,

ಇಡ್ಲಿಯಿಂದಲೇ ಶುರುಮಾಡಬೇಕು, ಮತ್ತೇನು! ನಿನಗೇಕೆ ಆ ಚಿಂತೆ ಅಂತ ಗೊತ್ತಾಗಲಿಲ್ಲ.

ಈಗ ಕುರ್ಚಿಯ ಕಸರತ್ತು ನಡೆಯುತ್ತಿದೆ. ಗೋಡೆಗೆ ತಾಗಿಸಿದ ಗಟ್ಟಿ ಕುರ್ಚಿ, ಅದರಿಂದ ಕೈಯ ಸಹಾಯವಿಲ್ಲದೆ ಏಳುವುದು, ನಿಧಾನವಾಗಿ ಕೂರುವುದು, ದೊಪ್ಪನೆ ಬೀಳಬಾರದು. ಬೇರೆ ಸಮಯ ಎಲ್ಲಿಂದ ತರಲಿ? ಗಲ್ಲಾದಲ್ಲೇ ಮಾಡುತ್ತೇನೆ. ಹಳೆಯ ಗಿರಾಕಿ ಯಾರು ಬಂದರೂ ಎದ್ದು ನಿಂತು ನಮಸ್ಕಾರ ಹಾಕಿ ಕೂರುವುದು. ಸೇಠ್ ಬಹಳ ನಮ್ರರಾಗಿದ್ದಾರೆ ಅಂತ ಕಲ್ಯಾಣವೆಲ್ಲ ಸುದ್ದಿ. ವಿಠ್ಠಲವಾಡಿಯ ಒಬ್ಬ ವಕೀಲರು ಭಾವುಕರಾಗಿ ನನ್ನ ಕೈ ಹಿಡಿದುಕೊಂಡರು. ನಾನು ನಿಜ ಹೇಳಲಿಲ್ಲ.

ಡಿಸೆಂಬರ್‌ನಲ್ಲಿ ಒಮ್ಮೆ ಉತ್ಸಾಹ ಜಾಸ್ತಿಯಾಗಿ ಸ್ಟೇಶನ್ನಿನ ಸ್ಕೈವಾಕ್ ಸೇತುವೆಯ ಮೆಟ್ಟಿಲು ಹತ್ತಿಬಿಟ್ಟೆ. ಮೊಣಕಾಲು ಊದಿತು. ಶ್ರದ್ಧಾ ಒಂದು ವಾರ ಬರೀ ನೀರಿನಲ್ಲೇ ಇಟ್ಟಳು. ಈ ಸಲ ಮುಚ್ಚಿಡಲಿಲ್ಲ, ಆ ದಿನವೇ ಅವಳಿಗೆ ಹೇಳಿದೆ, ಈಗ ನಿನಗೂ ಹೇಳುತ್ತಿದ್ದೇನೆ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು ಅಂತ ಕಲಿಸಿದ್ದಾಳೆ. ಮಂಟಪಕ್ಕೆ ಮೂರು ಮೆಟ್ಟಿಲಿದೆ, ನೋಡಿಬಂದೆ. ಪಕ್ಕಕ್ಕೆ ಒಂದು ಕಂಬಿ ಕೂರಿಸಲು ಹಾಲ್‌ನವರಿಗೆ ಹೇಳಿದ್ದೇನೆ, ಹೂ ಸುತ್ತಿದರೆ ಗೊತ್ತಾಗುವುದಿಲ್ಲ.

ತೂಕ ಸ್ವಲ್ಪ ಇಳಿದಿದೆ. ಜಾಸ್ತಿ ಏನಲ್ಲ, ನೋಡಿದವರಿಗೆ ನಾನು ಅದೇ ಮಧ್ವ. ಆದರೆ ನಿನ್ನೆ ನಾನೇ ಬಗ್ಗಿ ಬೂಟಿನ ಲೇಸು ಕಟ್ಟಿಕೊಂಡೆ. ಇಷ್ಟು ದಿನ ನಿಶಾ ಕಟ್ಟುತ್ತಿದ್ದಳು, ಅದನ್ನೂ ನಿನಗೆ ಹೇಳಿರಲಿಲ್ಲ. ಅವಳು ಬಾಗಿಲಲ್ಲಿ ನಿಂತು ನೋಡಿ, ಒಳಗೆ ಹೋಗಿ ಎರಡು ಲೋಟ ಕಾಫಿ ತಂದಳು.

ಕೆಲವು ದಿನ ಈಗಲೂ ಉಪ್ಮಾದಲ್ಲಿ ನಿಂತುಬಿಡುತ್ತೇನೆ. ಮದುವೆಯ ದಿನ ಅಷ್ಟು ಜನರ ಎದುರು ಹಾಗೆ ನಿಂತುಬಿಟ್ಟರೆ ಅಂತ ಒಂದು ಭಯ ಇದೆ, ಅಕ್ಕ. ಸುಮೇಧಾಳ ದಿನ ನನ್ನಿಂದ ನಗೆಪಾಟಲಾಗಬಾರದು.

ಮಧ್ವ


ಉಡುಪಿ
೨೬ ಫೆಬ್ರವರಿ ೨೦೨೬

ನನ್ನ ಮಧ್ವಾ,

ಮದುವೆ ಮುಗಿದು, ಊರಿಗೆ ಬಂದು, ಪಾತ್ರೆಪಗಡಿ ಎತ್ತಿಟ್ಟು, ಈಗ ಕೂತಿದ್ದೇನೆ. ಮನೆ ಖಾಲಿ ಖಾಲಿ. ನಿನ್ನ ಭಾವ ಸುಮೇಧಾಳ ಕೋಣೆಯ ಲೈಟು ಹಾಕಿ ಆರಿಸಿ ಮಾಡುತ್ತಿದ್ದಾರೆ. ಅಲ್ಲಿ ಗಲಾಟೆಯಲ್ಲಿ ನಿನ್ನ ಹತ್ತಿರ ಮಾತಾಡಲು ಆಗಲೇ ಇಲ್ಲ. ಫೋನಿನಲ್ಲಿ ಹೇಳುವಂಥದ್ದೂ ಅಲ್ಲ.

ನಾನು ಮಂಟಪದಲ್ಲಿ ನಿಂತಿದ್ದೆ. ಆ ತುದಿಯಲ್ಲಿ ಬಾಗಿಲು ತೆರೆಯಿತು. ನಡೆಮಡಿ ಹಾಸಿದ ದಾರಿಯಲ್ಲಿ ನೀನು ಬಂದೆ, ಜರಿ ಪಂಚೆ, ಶಲ್ಯ, ಅದರ ಕೆಳಗೆ ಬೂಟು. ಬರಿಗಾಲಲ್ಲಿ ಬರಲಿ ಅಂತ ಯಾರೋ ಅಂದಾಗ ಶ್ರದ್ಧಾ ಅವರನ್ನು ನೋಡಿದ ನೋಟ ನಾನು ಮರೆಯುವುದಿಲ್ಲ. ತೊಳೆದ ಬೂಟಿಗೆ ಭಟ್ಟರೂ ಏನೂ ಅನ್ನಲಿಲ್ಲ. ನಿನ್ನ ಪಕ್ಕದಲ್ಲಿ ನನ್ನ ಮಗಳು. ನಾಗಸ್ವರ ಜೋರಾಗಿ ನುಡಿಸುತ್ತಿದ್ದರಂತೆ, ನನಗೆ ಕೇಳಿಸಿದ್ದು ಅಷ್ಟಕ್ಕಷ್ಟೇ. ನಾನು ನಿನ್ನ ತುಟಿ ನೋಡುತ್ತಿದ್ದೆ.

ಅನೀಶನ ಅಜ್ಜಿ ನನ್ನ ಕೈ ತಟ್ಟಿ, ಸೋದರಮಾವ ಎಷ್ಟು ಭಕ್ತಿಯಿಂದ ಮಂತ್ರ ಹೇಳುತ್ತಿದ್ದಾರೆ ನೋಡು ಅಂದರು. ನಾನು ಹೌದು ಅಂತ ತಲೆಯಾಡಿಸಿದೆ. ಇಡ್ಲಿ. ಮೆದುವಡಾ. ಸಾದಾ ದೋಸಾ. ಆ ಹಾಲ್‌ನಲ್ಲಿ ಅಷ್ಟು ಜನರಲ್ಲಿ ನಿನ್ನ ಮಂತ್ರ ತಿಳಿದದ್ದು ಈ ಕಿವುಡಿಗೆ ಮಾತ್ರ ಅಂತ ಆಗ ಅಂದುಕೊಂಡಿದ್ದೆ. ರವಾ ದೋಸಾ ಬಂದಾಗ ನೀನು ಅರ್ಧ ದಾರಿಯ ಈಚೆಗಿದ್ದೆ. ಉತ್ತಪ್ಪಾ ಅಂದೆ. ಮೆಟ್ಟಿಲ ಬುಡಕ್ಕೆ ಬಂದು ಉಪ್ಮಾ ಅಂದೆ, ನಿಂತೆ.

ನನ್ನ ಉಸಿರೂ ನಿಂತಿತು. ಎಲ್ಲರೂ ಎದ್ದು ನಿಂತು ನಿನ್ನನ್ನೇ ನೋಡುತ್ತಿದ್ದರು. ಸಮಿತ್ ಓಡಿ ಬರಲು ಒಂದು ಹೆಜ್ಜೆ ಮುಂದಿಟ್ಟ. ನೀನು ಅವಸರ ಮಾಡಲಿಲ್ಲ. ಹೂ ಸುತ್ತಿದ ಕಂಬಿಗೆ ಕೈಯಿಟ್ಟು, ಕಣ್ಣು ಮುಚ್ಚಿ, ಉಸಿರು ಎಳೆದುಕೊಂಡೆ. ನನಗೆ ಆ ಕ್ಷಣ ನಿನ್ನ ಮೇಲೆ ಎಷ್ಟು ಹೆಮ್ಮೆಯಾಯಿತು ಅಂತ ಬರೆಯಲು ಬರುವುದಿಲ್ಲ. ಆಗ ಸುಮೇಧಾ ನಿನ್ನ ಕಡೆ ತಿರುಗಿದಳು. ಬಾಸಿಂಗದ ಕೆಳಗೆ ಅವಳ ತುಟಿ ಅಲ್ಲಾಡಿತು. "ಶಿರಾ, ಮಾವ" ಅಂದಳು. ನೀನು ನಕ್ಕೆ. ಒಳ್ಳೆಯ ಕಾಲು ಮೊದಲಿಟ್ಟು ಮೂರು ಮೆಟ್ಟಿಲೂ ಹತ್ತಿ, ಅವಳ ಕೈಯನ್ನು ನನ್ನ ಕೈಯಲ್ಲಿಟ್ಟೆ. ನಿನ್ನ ಕೈ ಬೆವತಿತ್ತು.

ನಗೆಪಾಟಲು ಆಗಲಿಲ್ಲ ಮಧ್ವಾ. ಯಾರಿಗೂ ಏನೂ ತಿಳಿಯಲಿಲ್ಲ. ದೊಡ್ಡ ಮಾವನ ಫೋಟೋದ ಪಕ್ಕದಲ್ಲಿ ಈಗ ನೀನು ಕಂಬಿ ಹಿಡಿದು ನಿಂತ ಫೋಟೋ ಹಾಕಿಸಿದ್ದೇನೆ. ನೀನು ಅದು ಬೇಡ, ಮಂಟಪದ್ದು ಹಾಕು ಅನ್ನುತ್ತೀ ಅಂತ ಗೊತ್ತು. ನನಗೆ ಅದೇ ಬೇಕು.

ಇನ್ನು ನನ್ನ ಸರದಿ. ನಿನ್ನನ್ನು ಅಷ್ಟು ಬೈದವಳು ನಾನೂ ಒಂದು ಮುಚ್ಚಿಟ್ಟಿದ್ದೇನೆ. ಅಕ್ಟೋಬರ್‌ನಲ್ಲಿ ನಿನ್ನ ಕಾಗದ ಬಂದ ಮೇಲೆ ಹೆದರಿ ಡಾಕ್ಟರ ಹತ್ತಿರ ಹೋದೆ. ಸಕ್ಕರೆ ಉಂಟು, ತೂಕವೂ ನಿನಗಿಂತ ಬಹಳ ಕಡಿಮೆಯೇನಲ್ಲ. ನೀನು ಮೂರು ವರ್ಷ ನನ್ನನ್ನು ನೋಡಿರಲಿಲ್ಲವಲ್ಲ, ಫೋನನ್ನು ಫ್ಯಾನಿಗೆ ತಿರುಗಿಸಿದ್ದು ನನಗೂ ಅನುಕೂಲವೇ ಆಗಿತ್ತು. ಮದುವೆಯಲ್ಲಿ ನನ್ನನ್ನು ನೋಡಿದ ಕೂಡಲೇ ನೀನು ಒಂದು ಗಟ್ಟಿ ಕುರ್ಚಿ ತಂದು ಗೋಡೆಗೆ ತಾಗಿಸಿ ಇಟ್ಟು ಹೋದೆ. ಆಗಲೇ ನಿನಗೆ ಗೊತ್ತಾಯಿತು ಅಂತ ನನಗೆ ಗೊತ್ತಾಯಿತು.

ನವೆಂಬರ್‌ನಿಂದ ನಾನೂ ಬೆಳಿಗ್ಗೆ ಬಿಸಿಲು ಏರುವ ಮೊದಲು ರಥಬೀದಿಯಲ್ಲಿ ನಡೆಯುತ್ತಿದ್ದೇನೆ, ಇಡ್ಲಿಯಿಂದಲೇ ಶುರುಮಾಡಿ. ಮೊದಲು ಸಾದಾ ದೋಸೆಗೇ ಕೂರುತ್ತಿದ್ದೆ. ಇವತ್ತು ಉಪ್ಮಾದವರೆಗೆ ಬಂದೆ.

ಅಕ್ಕ